ನಿರೀಕ್ಷಿಸಬಲ್ಲವರ ಜಾಮೀನು

ನಮ್ಮ ಕಡೆಯ ಕೋರ್ಟುಗಳ ಕನ್ನಡದಲ್ಲಿ ಅರ್ಧಕ್ಕರ್ಧ ಉರ್ದುವಿನ ಹಾದಿಯಲ್ಲಿ ಬಂದ ಶಬ್ದಗಳೇ ತುಂಬಿವೆ. ವಕೀಲ, ವಕಾಲತ್ತು, ಫಿರ್ಯಾದಿ, ಫೌಜದಾರಿ, ಮುಚ್ಚಳಿಕೆ. ಕಾಯ್ದೆಯ ಸೆಕ್ಷನ್ನಿಗೆ ಹೇಳುವ ಕಲಂ ಕೂಡ ಅಲ್ಲಿಂದಲೇ ಬಂದದ್ದು. ಜಾಮೀನು ಎಂಬ ಶಬ್ದವೂ ಹಾಗೆಯೇ. ಉರ್ದುವಿನಲ್ಲಿ ಜಾಮಿನ್ ಅಂದರೆ ಹೊಣೆ ಹೊರುವ ಮನುಷ್ಯ, ಜಮಾನತ್ ಅಂದರೆ ಅವನು ಹೊತ್ತ ಹೊಣೆ. ಕನ್ನಡಕ್ಕೆ ಬರುವಾಗ ಇವೆರಡೂ ಒಂದಾಗಿ ಮನುಷ್ಯ ಮರೆಯಾದ, ಕಾಗದ ಉಳಿಯಿತು. ಇದರ ಹಿಂದೆ 'ನಿರೀಕ್ಷಣಾ' ಎಂಬ ಸಂಸ್ಕೃತದ ಶಬ್ದವನ್ನು ಜೋಡಿಸಿ ಕಾನೂನಿನವರು 'ನಿರೀಕ್ಷಣಾ ಜಾಮೀನು' ಮಾಡಿದರು. ಉರ್ದು ಪತ್ರಿಕೆಗಳು ಇದನ್ನೇ 'ಪೇಶಗೀ ಜಮಾನತ್' ಎನ್ನುತ್ತವೆ. ಪೇಶಗಿ ಅಂದರೆ ಮುಂಗಡ. ರಬಕವಿ-ಬನಹಟ್ಟಿಯ ಕೂಲಿ ನೇಕಾರ ಮಗ್ಗದ ಮಾಲೀಕನಿಂದ ಪಡೆಯುವುದೂ ಮುಂಗಡವೇ. ಆದರೆ ಆ ಮುಂಗಡ ಅವನನ್ನು ಕಟ್ಟಿಹಾಕುತ್ತದೆ, ಈ ಮುಂಗಡ ಬಿಡಿಸುತ್ತದೆ. ಮೊದಲನೆಯದು ಅವನಿಗೆ ಸುಲಭವಾಗಿ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ನಿರೀಕ್ಷಣಾ ಜಾಮೀನಿನ ಮಿತಿಗಳ ಬಗ್ಗೆ ಕಾನೂನು ಪಂಡಿತರು ಬರೆಯುವಾಗ ಯಾವ ಕಾಯ್ದೆಯಲ್ಲಿ ಅದಕ್ಕೆ ನಿಷೇಧವಿದೆ, ಅದರ ಅವಧಿ ಎಷ್ಟು, ಷರತ್ತುಗಳು ಯಾವುವು ಎಂದು ಪಟ್ಟಿ ಮಾಡುತ್ತಾರೆ. ಅವು ಮುಖ್ಯವೇ. ಆದರೆ ಜಮಖಂಡಿ, ಮುಧೋಳ, ಬೀಳಗಿಯಂಥ ಊರುಗಳಲ್ಲಿ ಕೂತು ನೋಡಿದಾಗ ಇದರ ದೊಡ್ಡ ಮಿತಿ ಆ ಶಬ್ದದಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ. ತನ್ನ ಬಂಧನವನ್ನು ಮೊದಲೇ ನಿರೀಕ್ಷಿಸಬಲ್ಲವನಿಗೆ ಮಾತ್ರ ಇದು ದಕ್ಕುತ್ತದೆ. ಯಾರಿಗೆ ಠಾಣೆಯ ಒಳಗಿನ ಸುದ್ದಿ ಹೊರಗೆ ಬರುತ್ತದೆ, ಯಾರ ಮೊಬೈಲಿನಲ್ಲಿ ವಕೀಲರ ನಂಬರ್ ಇದೆ, ಯಾರ ಹೆಸರಿನಲ್ಲಿ ಉತಾರ ಇದೆ, ಅವರ ಸವಲತ್ತು ಇದು.

ಇದರ ಹುಟ್ಟನ್ನು ನೋಡಿದರೂ ಅದೇ ಕಾಣುತ್ತದೆ. ಬ್ರಿಟಿಷರ 1898ರ ಸಂಹಿತೆಯಲ್ಲಿ ಇಂಥದೊಂದು ಏರ್ಪಾಡು ಇರಲಿಲ್ಲ. 1969ರಲ್ಲಿ ಕಾನೂನು ಆಯೋಗ ತನ್ನ 41ನೆಯ ವರದಿಯಲ್ಲಿ ಇದನ್ನು ಸೂಚಿಸಿತು. ಪ್ರಭಾವಿಗಳು ತಮ್ಮ ಎದುರಾಳಿಗಳನ್ನು ಸುಳ್ಳು ಪ್ರಕರಣಗಳಲ್ಲಿ ಸಿಲುಕಿಸಿ, ಕೆಲವು ದಿನ ಜೈಲಿಗೆ ತಳ್ಳಿ ಮಾನ ಕಳೆಯುತ್ತಾರೆ ಎಂಬುದು ಆಯೋಗ ಕೊಟ್ಟ ಮುಖ್ಯ ಕಾರಣ. ಅಂದರೆ ಅದರ ಕಣ್ಣ ಮುಂದೆ ಇದ್ದದ್ದು ಪ್ರಭಾವಿ ಮತ್ತು ಅವನಿಗೆ ಎದುರಾಗಿ ನಿಲ್ಲಬಲ್ಲ ಇನ್ನೊಬ್ಬ. ಕೇರಿಯ ಹುಡುಗ ಅಲ್ಲಿರಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಕಲಂ 438 ಆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಉತ್ತರ ಪ್ರದೇಶ ತನ್ನ ಮಟ್ಟಿಗೆ ಅದನ್ನು ಕಿತ್ತೇ ಹಾಕಿತು. ಅಲ್ಲಿನ ಜನಕ್ಕೆ ಅದು ಮರಳಿ ಸಿಕ್ಕಿದ್ದು 2019ರಲ್ಲಿ. 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು ಅದೀಗ ಕಲಂ 482 ಆಗಿದೆ. ಹಳೆಯ ಸಂಹಿತೆಯಲ್ಲಿ 482 ಅಂದರೆ ಪ್ರಕರಣವನ್ನೇ ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುವ ಕಲಂ ಆಗಿತ್ತು. ಹಳೆಯ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡವರ ಗೊಂದಲ ಏನೆಂದು ಊಹಿಸಬಹುದು.

ಈ ಕಲಮಿನ ಮೇಲೆ ಬಂದ ದೊಡ್ಡ ತೀರ್ಪುಗಳ ಹೆಸರುಗಳನ್ನು ನೋಡಿ. 1980ರ ಗುರುಬಕ್ಷ್ ಸಿಂಗ್ ಸಿಬ್ಬಿಯಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಾನೂನಿಗೆ ವಿಶಾಲವಾದ ಅರ್ಥ ಕೊಟ್ಟಿತು. ಸಿಬ್ಬಿಯಾ ಪಂಜಾಬಿನಲ್ಲಿ ಮಂತ್ರಿಯಾಗಿದ್ದವರು. 2010ರ ಡಿಸೆಂಬರ್ 2ರ ಸಿದ್ಧರಾಮ ಸಾತಲಿಂಗಪ್ಪ ಮ್ಹೇತ್ರೆ ತೀರ್ಪು ನಮಗೆ ಇನ್ನೂ ಹತ್ತಿರದ್ದು. ಮ್ಹೇತ್ರೆಯವರು ಆಗ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಾಂಗ್ರೆಸ್ ನಾಯಕರಾಗಿದ್ದವರು. ಅಕ್ಕಲಕೋಟೆಯ ಸಂತೆಯಲ್ಲಿ ಇವತ್ತಿಗೂ ಕನ್ನಡದಲ್ಲೇ ವ್ಯಾಪಾರ ಮಾಡಬಹುದು. 2009ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಅಲ್ಲಿಯ ಹಳ್ಳಿಯೊಂದರ ಗುಡಿಯ ಬಳಿ ನಡೆದ ಕೊಲೆಯ ಪ್ರಕರಣದಲ್ಲಿ ಅವರ ಹೆಸರನ್ನೂ ಸೇರಿಸಲಾಗಿತ್ತು. ಆರೋಪ ನಿಜವೋ ರಾಜಕೀಯವೋ ಎಂಬುದು ಇಲ್ಲಿಯ ವಿಷಯವಲ್ಲ. ಸುಪ್ರೀಂ ಕೋರ್ಟ್ ಅವರಿಗೆ ನಿರೀಕ್ಷಣಾ ಜಾಮೀನು ಕೊಡುತ್ತಾ, ಬಂಧನ ಕೊನೆಯ ಅಸ್ತ್ರವಾಗಬೇಕು, ಈ ಜಾಮೀನಿಗೆ ಇಷ್ಟೇ ದಿನ ಎಂಬ ಗಡುವು ಹಾಕಬಾರದು ಎಂದಿತು. 2020ರ ಜನವರಿ 29ರಂದು ಸುಶೀಲಾ ಅಗರ್ವಾಲ್ ಪ್ರಕರಣದಲ್ಲಿ ಮತ್ತೊಂದು ಸಂವಿಧಾನ ಪೀಠ ಗಡುವಿನ ವಿಷಯದಲ್ಲಿ ಇದನ್ನೇ ಎತ್ತಿಹಿಡಿಯಿತು. ಷರತ್ತುಗಳನ್ನೇ ಹಾಕಬಾರದೆಂಬಷ್ಟು ದೂರ ಮಾತ್ರ ಅದು ಹೋಗಲಿಲ್ಲ.

ಒಳ್ಳೆಯ ತೀರ್ಪುಗಳು. ಓದಿದರೆ ವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಗೌರವ ಹುಟ್ಟುತ್ತದೆ. ಆದರೆ ಮಂತ್ರಿಗಳ ಹೆಸರಿನಲ್ಲಿ ಬರೆದ ಈ ಗೌರವ ತಾಲ್ಲೂಕಿನ ಠಾಣೆಗೆ ಎಷ್ಟು ಇಳಿದಿದೆ?

2022ರ ಮಾರ್ಚ್ ತಿಂಗಳಲ್ಲಿ ಮುಧೋಳದ ಒಬ್ಬ ಮುಸ್ಲಿಂ ವಿದ್ಯಾರ್ಥಿನಿ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಒಂದು ಸಂದೇಶ ಹಾಕಿಕೊಂಡಳು. ಅಂದು ಪಾಕಿಸ್ತಾನದ ಗಣರಾಜ್ಯ ದಿನ. ದೇವರು ಎಲ್ಲ ದೇಶಗಳಿಗೂ ಶಾಂತಿ, ಐಕ್ಯ, ಸಾಮರಸ್ಯ ಕರುಣಿಸಲಿ ಎಂಬ ಅರ್ಥದ ಹಾರೈಕೆ ಅದರಲ್ಲಿತ್ತು. ಊರಿನವರೊಬ್ಬರು ದೂರು ಕೊಟ್ಟರು. ಭಾರತೀಯ ದಂಡ ಸಂಹಿತೆಯ ಕಲಂ 153(ಎ) ಮತ್ತು 505(2) ಹಾಕಿದರು. ಎರಡೂ ಜಾಮೀನುರಹಿತ ಅಪರಾಧಗಳು. ಸಾಮಾನ್ಯ ಸಂದರ್ಭದಲ್ಲಿ ಮೂರು ವರ್ಷದವರೆಗಿನ ಶಿಕ್ಷೆಯವು. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಮೊದಲು ನೋಟೀಸು ಕೊಟ್ಟು ಕರೆಸಬೇಕು ಎಂದು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಆದರೂ ಆಕೆಯನ್ನು ಬಂಧಿಸಲಾಯಿತು. ಮರುದಿನ ಜಾಮೀನು ಸಿಕ್ಕಿತು, ನಿಜ. ಒಂದೇ ದಿನ ತಾನೇ ಎಂದು ಆಗಲೂ ಕೆಲವರು ಹೇಳಿದರು. ಹೆಣ್ಣುಮಗಳೊಬ್ಬಳ ಹೆಸರು ಟಿವಿಯಲ್ಲಿ ದೇಶದ್ರೋಹದ ಮಾತಿನ ಜೊತೆಗೆ ಓಡಿದ ಮೇಲೆ ಆ ಒಂದು ದಿನ ಎಷ್ಟು ವರ್ಷ ಉದ್ದವಾಗುತ್ತದೆ ಎಂಬುದನ್ನು ಮುಧೋಳದಂಥ ಊರಿನಲ್ಲಿ ಮಗಳ ಮದುವೆ ಮಾತು ಆಡಿದವರಿಗೆ ಹೇಳಬೇಕಾಗಿಲ್ಲ.

ಆಕೆ ನಿರೀಕ್ಷಣಾ ಜಾಮೀನಿಗೆ ಹೋಗಬಹುದಿತ್ತೇ? ಕಾನೂನಿನ ಪ್ರಕಾರ ಹೋಗಬಹುದಿತ್ತು. ಎಫ್‌ಐಆರ್ ಆಗಿರಬೇಕೆಂದೂ ಇಲ್ಲ. ಆದರೆ ಶಾಂತಿಯ ಹಾರೈಕೆಗೆ ಪೊಲೀಸರು ಬರುತ್ತಾರೆಂದು ನಿರೀಕ್ಷಿಸುವುದು ಹೇಗೆ? ತಪ್ಪು ಮಾಡಿದವನಿಗೆ ತನ್ನ ತಪ್ಪು ಗೊತ್ತಿರುತ್ತದೆ, ಅವನು ಬಂಧನವನ್ನು ನಿರೀಕ್ಷಿಸಬಲ್ಲ, ವಕೀಲರನ್ನು ಕಾಣಬಲ್ಲ. ತಪ್ಪೇನೆಂದು ಗೊತ್ತಿಲ್ಲದವರು ನಿಶ್ಚಿಂತೆಯಿಂದ ಮನೆಯಲ್ಲಿ ಮಲಗಿರುತ್ತಾರೆ. ನಿರಪರಾಧಿಯನ್ನು ಕಾಪಾಡಲೆಂದು ಹುಟ್ಟಿದ ಕಾನೂನು ಈ ಒಂದು ಕಾರಣಕ್ಕೆ ಕಡುನಿರಪರಾಧಿಯ ಕೈಗೇ ಎಟುಕದೆ ಹೋಗುತ್ತದೆ.

ಇದಕ್ಕೆ ಎರಡು ಸಂಗತಿಗಳನ್ನು ಸೇರಿಸಬೇಕು. ಬನಹಟ್ಟಿಯ ನೇಕಾರರಿಗೆ ಚೆನ್ನಾಗಿ ಗೊತ್ತಿರುವ ಇಚಲಕರಂಜಿಯ ಮಗ್ಗುಲಲ್ಲೇ, ಕೊಲ್ಲಾಪುರ ಜಿಲ್ಲೆಯ ಹಾತಕಣಂಗಲೆ ಠಾಣೆಯಲ್ಲಿ, ಕಾಲೇಜೊಂದರ ಪ್ರಾಧ್ಯಾಪಕರ ಮೇಲೆ ಇದೇ ಬಗೆಯ ಪ್ರಕರಣ ದಾಖಲಾಗಿತ್ತು. ಅವರೂ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಪಾಕಿಸ್ತಾನದ ಸ್ವಾತಂತ್ರ್ಯ ದಿನಕ್ಕೆ ಶುಭಾಶಯ ಕೋರಿದ್ದರು. 2024ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿ, ಬೇರೆ ದೇಶದವರಿಗೆ ಅವರ ಸ್ವಾತಂತ್ರ್ಯ ದಿನದ ಶುಭಾಶಯ ಹೇಳುವುದು ದ್ವೇಷ ಹರಡುವ ಅಪರಾಧವಲ್ಲ ಎಂದಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಇನ್ನೊಂದು, 2024ರ ಜೂನ್ 18ರಂದು ಭವಾನಿ ರೇವಣ್ಣ ಅವರಿಗೆ ಅಪಹರಣದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ನಿರೀಕ್ಷಣಾ ಜಾಮೀನು. ಹೆಣ್ಣು ಕುಟುಂಬದ ಬದುಕಿನ ಕೇಂದ್ರ, ಆಕೆಯನ್ನು ಸ್ವಲ್ಪ ಕಾಲ ಮನೆಯಿಂದ ಕಿತ್ತು ದೂರ ಇಟ್ಟರೂ ಅವಲಂಬಿತರು ನಲುಗುತ್ತಾರೆ, ಆದ್ದರಿಂದ ಹೆಣ್ಣುಮಕ್ಕಳನ್ನು ವಶಕ್ಕೆ ಪಡೆಯುವಾಗ ತನಿಖಾಧಿಕಾರಿಗಳು ಎಚ್ಚರ ವಹಿಸಬೇಕು ಎಂಬ ಅರ್ಥದ ಮಾತು ಆ ಆದೇಶದಲ್ಲಿದೆ. ಈ ಮಾತು ಸರಿಯಲ್ಲವೆಂದು ನಾವು ಹೇಳುತ್ತಿಲ್ಲ. ಬಹಳ ಸರಿಯಾದ ಮಾತು. ಹೊಳೆನರಸೀಪುರದ ದೊಡ್ಡ ಮನೆಗೆ ಸಲ್ಲುವ ಈ ಎಚ್ಚರ ಮುಧೋಳದ ಸಣ್ಣ ಮನೆಗೂ ಸಲ್ಲಬೇಕು ಎಂದಷ್ಟೇ ಹೇಳುತ್ತಿದ್ದೇವೆ. ಸಲ್ಲಲಿಲ್ಲ, ಯಾಕೆಂದರೆ ಅದನ್ನು ಹೇಳಿಸಿಕೊಳ್ಳಲು ಮೊದಲು ಹೈಕೋರ್ಟಿನವರೆಗೆ ಹೋಗಬೇಕು.

ಹೋಗುವುದು ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಿರೀಕ್ಷಣಾ ಜಾಮೀನು ಕೊಡುವ ಅಧಿಕಾರ ಸತ್ರ ನ್ಯಾಯಾಲಯಕ್ಕೆ ಮತ್ತು ಹೈಕೋರ್ಟಿಗೆ ಮಾತ್ರ ಇದೆ. ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಿವೆ. ಬಂಧಿತನನ್ನು ಪೊಲೀಸರು ಮೊದಲು ಹಾಜರುಪಡಿಸುವುದು ಅಲ್ಲೇ. ನ್ಯಾಯಾಂಗ ಬಂಧನಕ್ಕೆ ಕಳಿಸುವ ಅಧಿಕಾರ ನಮ್ಮೂರ ಕೋರ್ಟಿಗಿದೆ, ಬಂಧನಕ್ಕೆ ಮೊದಲು ಕಾಪಾಡುವ ಅಧಿಕಾರ ಇಲ್ಲ. ಅದಕ್ಕೆ ಜಿಲ್ಲಾ ಕೇಂದ್ರವಾದ ಬಾಗಲಕೋಟೆಗೋ, ಅಪರ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಕೂರುವ ಜಮಖಂಡಿಗೋ ಹೋಗಬೇಕು. ಅಲ್ಲಿ ಅರ್ಜಿ ತಿರಸ್ಕೃತವಾದರೆ ಧಾರವಾಡದ ಹೈಕೋರ್ಟ್ ಪೀಠ. 2008ಕ್ಕಿಂತ ಮೊದಲು ಅದೂ ಇರಲಿಲ್ಲ, ಬೆಂಗಳೂರಿಗೇ ಹೋಗಬೇಕಿತ್ತು. ಈ ಮಟ್ಟಿಗೆ ನಮ್ಮ ಕಡೆಯವರಿಗೆ ಉಪಕಾರವಾಗಿದೆ ಎಂಬುದನ್ನು ಒಪ್ಪಬೇಕು. ಸರ್ಕಾರಿ ವಕೀಲರಿಗೆ ನೋಟೀಸು, ಅವರ ತಕರಾರು, ಠಾಣೆಯಿಂದ ಕಾಗದ ತರಿಸುವುದು, ವಾದ, ಆದೇಶ. ಇಷ್ಟರಲ್ಲಿ ದಿನಗಳು ಉರುಳುತ್ತವೆ. ಮಧ್ಯಂತರ ರಕ್ಷಣೆ ಸಿಗದಿದ್ದರೆ, ಅರ್ಜಿ ಹಾಕಿದ ಮಾತ್ರಕ್ಕೆ ಪೊಲೀಸರ ಕೈ ಕಟ್ಟಿದಂತಾಗುವುದಿಲ್ಲ. ವಿಚಾರಣೆಯ ಹಿಂದಿನ ರಾತ್ರಿ ಹಿಡಿದರೆ ಅರ್ಜಿಯೇ ನಿರರ್ಥಕ.

ಆ ರಾತ್ರಿಗಳಲ್ಲಿ ನಮ್ಮ ಓಣಿಗಳಲ್ಲಿ ನಡೆಯುವುದು ಬೇರೆ. ಯಾರೋ ಹಿರಿಯರು ಬಂದು, "ಎರಡ ದಿನ ಹುಡುಗನ್ನ ಮನ್ಯಾಗ ಇಟಗೋಬ್ಯಾಡ್ರಿ, ಎಲ್ಯರೆ ಬೀಗರ ಊರಿಗೆ ಕಳಸ್ರಿ" ಎಂದು ಹೇಳಿ ಹೋಗುತ್ತಾರೆ. ಹುಡುಗ ಇಚಲಕರಂಜಿಗೋ ಸೊಲ್ಲಾಪುರಕ್ಕೋ ಬಸ್ಸು ಹತ್ತುತ್ತಾನೆ. ಅಲ್ಲಿ ನೇಕಾರಿಕೆ ಇದೆ, ಕೈಗೆ ಕೆಲಸವೂ ಸಿಗುತ್ತದೆ. ಬಡವರ ಪಾಲಿನ ನಿರೀಕ್ಷಣಾ ಜಾಮೀನು ಇದೇ. ಇದಕ್ಕೆ ವಕೀಲರ ಫೀ ಇಲ್ಲ, ಬಸ್ಸಿನ ಚಾರ್ಜು ಸಾಕು. ಆದರೆ ಎರಡು ದಿನ ಎರಡು ತಿಂಗಳಾದರೆ ಠಾಣೆಯ ಕಾಗದದಲ್ಲಿ ಅವನು 'ತಲೆಮರೆಸಿಕೊಂಡ ಆರೋಪಿ' ಆಗುತ್ತಾನೆ. ವಾರಂಟು ಹೊರಟು ಘೋಷಿತ ಅಪರಾಧಿ ಎಂಬ ಮುದ್ರೆ ಬಿದ್ದರಂತೂ ಮುಗಿಯಿತು. ಅಂಥವನಿಗೆ ಸಾಮಾನ್ಯವಾಗಿ ನಿರೀಕ್ಷಣಾ ಜಾಮೀನು ಕೊಡಲಾಗದು ಎಂದು 2012ರ ಲವೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ರಕ್ಷಣೆ ಸಿಗದವನು ಓಡಿಹೋಗುತ್ತಾನೆ, ಓಡಿಹೋದ ಕಾರಣಕ್ಕೇ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತಾನೆ. ಮನೆಯವರು ಒಳ್ಳೆಯದೆಂದು ಮಾಡಿದ್ದೇ ಮಗನಿಗೆ ಮುಳುವಾಗುತ್ತದೆ.

ಜಾಮೀನು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದರ ಷರತ್ತುಗಳಲ್ಲಿ ಮುಚ್ಚಳಿಕೆಯ ಜೊತೆಗೆ ಅಷ್ಟೇ ಮೊತ್ತಕ್ಕೆ ಒಬ್ಬರ ಇಲ್ಲವೇ ಇಬ್ಬರ ಭದ್ರತೆ ಇರುತ್ತದೆ. ಭದ್ರತೆ ಕೊಡುವವನು ತನ್ನ ಹೆಸರಿನ ಉತಾರ ತರಬೇಕು. ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುವವನಿಗೆ ಇದು ಕಷ್ಟವಲ್ಲ. ಬಾಡಿಗೆ ಮನೆಯಲ್ಲಿದ್ದು ಬೇರೆಯವರ ಪವರ್‌ಲೂಮಿನಲ್ಲಿ ನೇಯುವವನಿಗೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿ ಪರಿಹಾರದ ದುಡ್ಡೂ ಕರಗಿಹೋದ ಬೀಳಗಿ ತಾಲ್ಲೂಕಿನವನಿಗೆ ಉತಾರ ಎಲ್ಲಿಂದ ಬರಬೇಕು? ಇಲ್ಲಿ ಜಾಮೀನು ಎಂಬ ಶಬ್ದ ಮತ್ತೆ ಮನುಷ್ಯನ ಕಡೆಗೆ ತಿರುಗುತ್ತದೆ. ಮಗ್ಗದ ಮಾಲೀಕ, ಸಾಹುಕಾರ, ಪುಢಾರಿ, ಯಾರಾದರೂ ಒಬ್ಬ 'ಜಾಮಿನ್' ಬೇಕು. ಅವನು ಬರುತ್ತಾನೆ. ಅವನ ಋಣ ಕೋರ್ಟಿನ ಕೇಸಿಗಿಂತ ಹೆಚ್ಚು ಕಾಲ ನಡೆಯುತ್ತದೆ. 1978ರಲ್ಲಿ ಮೋತಿರಾಮ್ ಎಂಬ ಗೌಂಡಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ಪದ್ಧತಿಯನ್ನು ಖಂಡಿಸಿದ್ದರು. ಬಡ ಗೌಂಡಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿ ಭದ್ರತೆ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ಮಲಯಾಳಿಯೋ ಕನ್ನಡಿಗನೋ ದೂರದ ಊರಲ್ಲಿ ಬಂಧಿತನಾದರೆ ಎಲ್ಲಿಗೆ ಹೋಗಬೇಕು ಎಂದು ಅಯ್ಯರ್ ಆ ತೀರ್ಪಿನಲ್ಲಿ ಕೇಳುತ್ತಾರೆ. ಕನ್ನಡಿಗನನ್ನು ಅವರು ನೆನೆದದ್ದು ನಮಗೆ ಸಂತೋಷದ ವಿಷಯ. ನಾಲ್ಕು ದಶಕ ದಾಟಿದ ಮೇಲೂ ಕೋರ್ಟಿನ ಆವರಣಗಳಲ್ಲಿ ಜನ ಉತಾರ ಇದ್ದವರನ್ನೇ ಹುಡುಕುತ್ತಾ ನಿಂತಿರುವುದು ಅಲ್ಲ.

ಸಿಬ್ಬಿಯಾ ತೀರ್ಪಿನಲ್ಲಿ ಒಂದು ಮಾತಿದೆ. ಬಂಧನವಾದೀತು ಎಂಬ ಬರಿಯ ಭಯ ಸಾಲದು, ಹಾಗೆ ನಂಬಲು ಸಕಾರಣ ಬೇಕು. ಯಾವ ಆರೋಪವೆಂದೇ ಹೇಳದೆ ಎಲ್ಲದಕ್ಕೂ ಸೇರಿಸಿ ಸಾರಾಸಗಟಾಗಿ ರಕ್ಷಣೆ ಕೊಡಲಾಗದು ಎಂದೂ ಇದೆ. ತರ್ಕವಾಗಿ ನೋಡಿದರೆ ಸರಿಯೇ. ಆದರೆ 2022ರ ಫೆಬ್ರವರಿ 8ನ್ನು ನೆನಪಿಸಿಕೊಳ್ಳಿ. ಹಿಜಾಬಿನ ಗಲಾಟೆ ರಬಕವಿ-ಬನಹಟ್ಟಿಯ ಪದವಿಪೂರ್ವ ಕಾಲೇಜಿಗೂ ಬಂದು, ಕಲ್ಲು ತೂರಾಟವಾಗಿ ಪೊಲೀಸರು ಲಾಠಿ ಬೀಸಿದ ದಿನ ಅದು. ರಾಜ್ಯ ಸರ್ಕಾರ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಸಾರಿದ್ದೂ ಅಂದೇ. ಇಂಥ ದಿನಗಳ ಎಫ್‌ಐಆರ್‌ಗಳು ಹೇಗಿರುತ್ತವೆಂದು ಎಲ್ಲರಿಗೂ ಗೊತ್ತು. ಹೆಸರಿರುವುದು ಕೆಲವರದು, ಕೊನೆಗೆ 'ಮತ್ತು ಇತರರು'. ಈ 'ಇತರರು' ಯಾರು? ಆ ರಸ್ತೆಯಲ್ಲಿ ಹೋದ ಯಾರೂ ಆಗಬಹುದು. ಆ 'ಇತರರಲ್ಲಿ' ತಾನೂ ಇರಬಹುದೆಂದು ಒಬ್ಬ ತಂದೆ ಮಗನ ಪರವಾಗಿ ವಕೀಲರ ಬಳಿ ಹೋದರೆ, ನಿಮ್ಮ ಹುಡುಗನ ಹೆಸರೇ ಇಲ್ಲವಲ್ಲ, ಅರ್ಜಿ ಹೇಗೆ ಹಾಕುವುದು ಎಂಬ ಉತ್ತರ ಬರುತ್ತದೆ. ಹೆಸರು ಬರುವ ಹೊತ್ತಿಗೆ ಜೀಪೂ ಬಂದಿರುತ್ತದೆ. ಎಲ್ಲ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ದೊಡ್ಡ ಸುಧಾರಣೆ. ಆದರೆ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಸೂಕ್ಷ್ಮ ಯಾವುದೆಂದು ತೀರ್ಮಾನಿಸುವವರು ಪೊಲೀಸ್ ಅಧಿಕಾರಿಗಳೇ. ಕೋಮು ಗಲಭೆಯನ್ನು ಸೂಕ್ಷ್ಮವೆಂದು ಬಗೆದರೆ ತಿಳಿಯಲೇಬೇಕಾದವರಿಗೆ ಏನೂ ತಿಳಿಯುವುದಿಲ್ಲ. ಅವರ ಬಳಿ ಇರುವುದು ಭಯ ಮಾತ್ರ. ಅದನ್ನು ಕಾರಣವೆಂದು ತೋರಿಸುವ ಕಾಗದ ಠಾಣೆಯಲ್ಲಿರುತ್ತದೆ.

ಒಂದೇ ಪ್ರಕರಣದೊಳಗೆ ಈ ಅಂತರ ಎಷ್ಟು ನಿಚ್ಚಳವಾಗಿ ಕಂಡಿತೆಂಬುದಕ್ಕೆ ಬೀದರಿನ ಶಾಹೀನ್ ಶಾಲೆಯ ನಾಟಕದ ಪ್ರಕರಣ ಸಾಕ್ಷಿ. 2020ರ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಮಕ್ಕಳು ಆಡಿದ ನಾಟಕಕ್ಕೆ ರಾಜದ್ರೋಹದ ಮೊಕದ್ದಮೆ ಹೂಡಿದರು. ಜನವರಿ 30ರಂದು ಮುಖ್ಯೋಪಾಧ್ಯಾಯಿನಿಯನ್ನೂ, ನಾಟಕದಲ್ಲಿ ಮಾತಾಡಿದ ಮಗುವಿನ ತಾಯಿಯನ್ನೂ ಬಂಧಿಸಿದರು. ಅವರಿಗೆ ಜಾಮೀನು ಸಿಕ್ಕಿದ್ದು ಫೆಬ್ರವರಿ 14ರಂದು. ಮಾರ್ಚ್ ಮೊದಲ ವಾರದಲ್ಲಿ ಸಂಸ್ಥೆಯ ಮುಖ್ಯಸ್ಥರೂ ಸೇರಿ ಐವರಿಗೆ ಅದೇ ಬೀದರಿನ ಜಿಲ್ಲಾ ನ್ಯಾಯಾಲಯ ನಿರೀಕ್ಷಣಾ ಜಾಮೀನು ಕೊಟ್ಟು, ನಾಟಕದಿಂದ ಸಮಾಜದಲ್ಲಿ ಸಾಮರಸ್ಯವೇನೂ ಕದಡಿಲ್ಲ ಎಂದಿತು. 2023ರ ಜೂನಿನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆಡಳಿತದ ನಾಲ್ವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಒಂದೇ ನಾಟಕ, ಒಂದೇ ಎಫ್‌ಐಆರ್. ಸಂಸ್ಥೆಗೆ ವಕೀಲರಿದ್ದರು, ಸಮಯ ಸಿಕ್ಕಿತು. ತಾಯಿಗೆ ಎರಡು ವಾರದ ಜೈಲು ಸಿಕ್ಕಿತು. ಸಂಸ್ಥೆಯವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಮೊದಲು ಕದ ತಟ್ಟಿಸಿಕೊಂಡವರು ಯಾರು ಎಂಬುದನ್ನಷ್ಟೇ ಗಮನಿಸುತ್ತಿದ್ದೇವೆ.

ಇನ್ನು ಕಾನೂನು ತಾನಾಗಿ ಎಳೆದ ಗೆರೆಗಳ ವಿಷಯ. ಇಲ್ಲಿ ನಮ್ಮ ಓದುಗರಲ್ಲಿ ಕೆಲವರಿಗೆ ಇಷ್ಟವಾಗದ ಮಾತನ್ನು ಹೇಳಬೇಕಾಗಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕಲಂ 18 ನಿರೀಕ್ಷಣಾ ಜಾಮೀನನ್ನು ನಿಷೇಧಿಸುತ್ತದೆ. ನಮ್ಮ ಭಾಗದಲ್ಲಿ 'ಅಟ್ರಾಸಿಟಿ ಕೇಸು' ಎಂದೊಡನೆ ಲಿಂಗಾಯತರು, ರಡ್ಡಿಗಳು, ಮರಾಠರು, ಮುಸ್ಲಿಮರು ಎಲ್ಲರೂ ಒಂದೇ ದನಿಯಲ್ಲಿ ದುರುಪಯೋಗ ಎನ್ನುತ್ತಾರೆ. ಬೇರೆ ಯಾವ ವಿಷಯದಲ್ಲೂ ಇಷ್ಟು ಸೌಹಾರ್ದ ನಾವು ಕಂಡಿಲ್ಲ. ಈ ನಿಷೇಧ ಯಾಕೆ ಬಂತು? ಹಲ್ಲೆ ಮಾಡಿದವನು ಜಾಮೀನಿನ ಕಾಗದ ಕಿಸೆಯಲ್ಲಿಟ್ಟುಕೊಂಡು ಮರುದಿನ ಅದೇ ಕೇರಿಯ ಮುಂದೆ ಮೋಟರ್‌ಸೈಕಲ್ ಓಡಿಸಿದರೆ ಸಾಕ್ಷಿ ಹೇಳುವವರು ಯಾರು ಉಳಿಯುತ್ತಾರೆ? 1995ರಲ್ಲಿ ಬಾಲೋಥಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಈ ನಿಷೇಧವನ್ನು ಎತ್ತಿಹಿಡಿಯಿತು. 2018ರ ಮಾರ್ಚಿನಲ್ಲಿ ಅದೇ ಕೋರ್ಟ್ ಇದನ್ನು ಸಡಿಲಿಸಿದಾಗ ಏಪ್ರಿಲ್ 2ರಂದು ದಲಿತರು ದೇಶವನ್ನೇ ಬಂದ್ ಮಾಡಿದರು. ಸಂಸತ್ತು 18(ಎ) ಸೇರಿಸಿ ನಿಷೇಧವನ್ನು ಮರಳಿ ಗಟ್ಟಿಗೊಳಿಸಿತು. ಮೇಲ್ನೋಟಕ್ಕೇ ಪ್ರಕರಣವಿಲ್ಲವೆಂದು ಕಂಡರೆ ಮಾತ್ರ ನಿಷೇಧ ಅಡ್ಡ ಬರದು ಎಂದು 2020ರ ಫೆಬ್ರವರಿ 10ರ ತೀರ್ಪು ಹೇಳಿತು. ಮಹಾರಾಷ್ಟ್ರದಲ್ಲಿ ವಿಧಾನಸಭಾ ಚುನಾವಣೆಯಲ್ಲಿ ತಮಗೆ ಬೇಕಾದಂತೆ ಮತ ಹಾಕಲಿಲ್ಲವೆಂದು ದಲಿತ ಕುಟುಂಬವೊಂದರ ಮೇಲೆ ಹಲ್ಲೆ ನಡೆದ ಪ್ರಕರಣದಲ್ಲಿ ಹೈಕೋರ್ಟ್ ಕೊಟ್ಟಿದ್ದ ನಿರೀಕ್ಷಣಾ ಜಾಮೀನನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಕ್ಕಲಕೋಟೆಯ ಪ್ರಕರಣವೂ ಚುನಾವಣೆಯದೇ, ಇದೂ ಚುನಾವಣೆಯದೇ. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ, ಬಂಧನಕ್ಕೆ ಮೊದಲಿನ ಸ್ವಾತಂತ್ರ್ಯ ಒಬ್ಬನ ಹಕ್ಕು ಮಾತ್ರವಲ್ಲ, ಅದು ಇನ್ನೊಬ್ಬರ ನಿದ್ದೆಯ ಪ್ರಶ್ನೆಯೂ ಹೌದು ಎಂದು ಗೊತ್ತಾಗುತ್ತದೆ.

ಆದ್ದರಿಂದ ಎಲ್ಲ ನಿಷೇಧಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಯುಎಪಿಎ ಕಾಯ್ದೆಯ ಕಲಂ 43ಡಿ(4) ಕೂಡ ನಿರೀಕ್ಷಣಾ ಜಾಮೀನಿನ ಬಾಗಿಲು ಮುಚ್ಚುತ್ತದೆ. 2020ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ, 2022ರಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಠಾಣೆಗಳ ಮೇಲೆ ನಡೆದ ದಾಳಿ ಘೋರ ಅಪರಾಧವೇ. ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಆದರೆ ಗಲಭೆಯ ಕಲಮುಗಳ ಜೊತೆಗೆ ಈ ಕಾಯ್ದೆಯನ್ನು ಸೇರಿಸಿದೊಡನೆ ಆ ಊರಿನ 'ಇತರರು' ಎಲ್ಲರಿಗೂ ಸತ್ರ ನ್ಯಾಯಾಲಯದ ಆ ಬಾಗಿಲು ಒಟ್ಟಿಗೇ ಮುಚ್ಚಿತು. ಕಲ್ಲು ಎಸೆದವನಿಗೂ, ಸುಮ್ಮನೆ ನಿಂತು ನೋಡಿದವನಿಗೂ. ಕಲಂ 18 ಬಲಿಷ್ಠನಿಂದ ದುರ್ಬಲನನ್ನು ಕಾಯುತ್ತದೆ. 43ಡಿ ಯಾರಿಂದ ಯಾರನ್ನು ಕಾಯುತ್ತದೆ? ಇಡೀ ಪ್ರಭುತ್ವ ಒಂದು ಕಡೆ, ಬಂಧನಕ್ಕೆ ಕಾದು ಕೂತವನು ಇನ್ನೊಂದು ಕಡೆ. ಮೊದಲನೆಯದನ್ನು ಬೆಂಬಲಿಸಿ ಎರಡನೆಯದನ್ನು ವಿರೋಧಿಸುವುದರಲ್ಲಿ ವಿರೋಧಾಭಾಸವೇನೂ ನಮಗೆ ಕಾಣುವುದಿಲ್ಲ. ಎರಡನೆಯದನ್ನು ಮಾತ್ರ ವಿರೋಧಿಸಿ ಕಲಂ 18ನ್ನೂ ತೆಗೆಯಿರೆನ್ನುವ ಮುಸ್ಲಿಂ ಮುಖಂಡರಲ್ಲಿ ಕಾಣುತ್ತದೆ.

2019ರ ತ್ರಿವಳಿ ತಲಾಖ್ ಕಾಯ್ದೆಯ ವಿಷಯದಲ್ಲೂ ಹೀಗೆಯೇ. ಆ ಕಾಯ್ದೆ ಸಿವಿಲ್ ವಿಷಯವನ್ನು ಅಪರಾಧವಾಗಿಸಿತು ಎಂಬ ಆಕ್ಷೇಪ ನಮಗೂ ಇದೆ. ಅದರಡಿ ನಿರೀಕ್ಷಣಾ ಜಾಮೀನೇ ಇಲ್ಲ ಎಂದು ಆರಂಭದಲ್ಲಿ ಹಬ್ಬಿದ ಮಾತು ಮಾತ್ರ ನಿಜವಲ್ಲ. 2020ರ ಡಿಸೆಂಬರ್ 17ರಂದು ಕೇರಳದ ರಹ್ನಾ ಜಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ನಿಷೇಧವಿಲ್ಲ, ಆದರೆ ಜಾಮೀನು ಕೊಡುವ ಮುನ್ನ ಆ ಹೆಣ್ಣುಮಗಳ ಮಾತು ಕೇಳಬೇಕು. ಈ ಅಪರಾಧದ ಹೊಣೆ ಗಂಡನದು, ಅತ್ತೆಯದಲ್ಲ ಎಂದೂ ಹೇಳಿತು. ತಲಾಖ್ ಹೇಳಿಸಿಕೊಂಡವಳ ಮಾತನ್ನು ಯಾರಾದರೂ ಒಬ್ಬರು ಕೂಡಿಸಿ ಕೇಳಬೇಕೆಂಬುದು ನಮ್ಮ ಮೊಹಲ್ಲಾಗಳ ಪಂಚಾಯಿತಿಗಳಲ್ಲಿ ಎಷ್ಟು ಕಡೆ ನಡೆಯುತ್ತದೆ?

ಕತೆ ಬರೆಯುವವರಾಗಿ ಇನ್ನೊಂದು ತಕರಾರು ನಮ್ಮದಿದೆ. ಬಂಡಾಯದ ಕಾಲದಿಂದ ಕನ್ನಡದ ಕತೆಗಳಲ್ಲಿ ಪೊಲೀಸರು, ಲಾಕಪ್ಪು, ಕೋರ್ಟು ಧಾರಾಳವಾಗಿ ಬಂದಿವೆ. ಬಾನು ಮುಷ್ತಾಕ್ ಅವರಂಥ, ಸ್ವತಃ ವಕೀಲರೂ ಆದ ಕತೆಗಾರ್ತಿ ನಮ್ಮ ನಡುವೆ ಇದ್ದಾರೆ. ಆದರೂ ಸಾಮಾನ್ಯವಾಗಿ ನಮ್ಮ ಕತೆಗಳಲ್ಲಿ ಬಂಧನ ಒಂದು ಘಟನೆ. ಬೂಟಿನ ಸದ್ದು, ಬಾಗಿಲ ಬಡಿತ, ಹೆಂಗಸರ ಅಳು, ಅಲ್ಲಿಗೆ ಕತೆ ಮುಗಿಯುತ್ತದೆ ಅಥವಾ ಅಲ್ಲಿಂದ ಶುರುವಾಗುತ್ತದೆ. ಬಾಗಿಲು ಬಡಿಯದ ರಾತ್ರಿಗಳ ಕತೆ ಕಡಿಮೆ. ಬಂಧನವಾಗಿಲ್ಲ, ಆಗುವುದಿಲ್ಲ ಎಂದೂ ಇಲ್ಲ. ವಾಯಿದೆಯ ಮೇಲೆ ವಾಯಿದೆ. ಮಗನ ಫೋನು ಬಂದರೂ ಭಯ, ಬಾರದಿದ್ದರೂ ಭಯ. ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ, ಬೀಗರು ನಿಶ್ಚಯದ ದಿನ ಮುಂದೆ ಹಾಕುತ್ತಾರೆ. ಕೊನೆಗೆ ಆ ಹುಡುಗನ ಮೇಲೆ ಕೇಸೇ ಆಗಿರಲಿಲ್ಲ ಎಂದು ಗೊತ್ತಾಗುವುದೂ ಉಂಟು. ಕಾನೂನಿನ ಕಡತದಲ್ಲಿ ಎಲ್ಲೂ ದಾಖಲಾಗದ ಈ ಶಿಕ್ಷೆಯನ್ನು ಬರೆಯಬಲ್ಲದ್ದು ಸಾಹಿತ್ಯ ಮಾತ್ರ. ನಾವು ಬರೆಯುತ್ತಿಲ್ಲ. ಬರೆದರೆ ನಾಟಕೀಯತೆ ಸಾಲದು ಎನ್ನುವ ವಿಮರ್ಶಕರೂ ಇದ್ದಾರೆ, ಇರಲಿ.

ಬರೆಯುವುದು ಬರಹಗಾರರ ಕೆಲಸ. ಊರಿನವರು ಮಾಡಬಹುದಾದದ್ದೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದ ಬಡವರಿಗೆ ಆದಾಯ ಮಿತಿಯೊಳಗೆ ಸಿಗುತ್ತಾರೆ. ಬಂಧನದ ನಂತರ ಮಾತ್ರವಲ್ಲ, ಠಾಣೆಗೆ ಕರೆದ ಹೊತ್ತಿನಿಂದಲೇ ಈ ನೆರವು ಸಿಗಬೇಕೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2019ರಲ್ಲಿ ವ್ಯವಸ್ಥೆ ರೂಪಿಸಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಊರ ಕೋರ್ಟಿನ ಆವರಣದಲ್ಲೇ ಇರುತ್ತದೆ. ಮುಧೋಳದ ಆ ವಿದ್ಯಾರ್ಥಿನಿಗೂ ಈ ಹಕ್ಕಿತ್ತು. ನಮ್ಮ ಜಮಾತುಗಳು ರಮಜಾನಿನ ಸಹರಿ, ಇಫ್ತಾರಿನ ವೇಳಾಪಟ್ಟಿಯನ್ನು ಮನೆಮನೆಗೆ ಹಂಚುತ್ತವೆ. ನೇಕಾರರ ಸಂಘಗಳು ಕ್ಯಾಲೆಂಡರ್ ಹಂಚುತ್ತವೆ. ಅವುಗಳ ಬೆನ್ನಿಗೆ ಆ ಸಮಿತಿಯ ವಿಳಾಸ ಮತ್ತು ಫೋನ್ ನಂಬರನ್ನೂ, ಉತಾರ ಇದ್ದು ಋಣವಿಲ್ಲದೆ ಹೊಣೆ ನಿಲ್ಲಲು ಒಪ್ಪಿದ ನಾಲ್ಕು ಜನರ ಹೆಸರನ್ನೂ ಅಚ್ಚು ಹಾಕಿಸಬಹುದು. ಜಮಖಂಡಿಯಲ್ಲಾಗಲಿ ಬನಹಟ್ಟಿಯಲ್ಲಾಗಲಿ ಅದಕ್ಕೆ ತಗಲುವ ಖರ್ಚು ಒಂದು ಜಲಸಾದ ಮೈಕಿನ ಬಾಡಿಗೆಗಿಂತ ಹೆಚ್ಚಲ್ಲ.